ಐದು ಚೌಕ, ಆರು ಅವಕಾಶ

2022ರ ಮೇ 5ರಂದು ಕೇಂಬ್ರಿಡ್ಜ್ ನಿಘಂಟಿನ ಜಾಲತಾಣಕ್ಕೆ ಜನ ಒಂದೇ ಒಂದು ಪದದ ಅರ್ಥ ಹುಡುಕುತ್ತ ಮುಗಿಬಿದ್ದರು. ಪದ ‘ಹೋಮರ್’. ಗ್ರೀಕ್ ಮಹಾಕವಿಯ ಹೆಸರೆಂದುಕೊಂಡು ಹೋದವರಿಗೆ ಅಲ್ಲಿ ಸಿಕ್ಕಿದ್ದು ಬೇರೆಯೇ ಅರ್ಥ: ಅಮೆರಿಕದವರು ಬೇಸ್‌ಬಾಲ್ ಆಟದ ‘ಹೋಮ್ ರನ್’ಗೆ ಸಲಿಗೆಯಿಂದ ಬಳಸುವ ಆಡುಮಾತು. ಅಂದಿನ ವರ್ಡಲ್ ಒಗಟಿನ ಉತ್ತರ ಅದಾಗಿತ್ತು. ಹುಡುಕಿದವರಲ್ಲಿ ಬಹುಪಾಲು ಜನ ಉತ್ತರ ಅಮೆರಿಕದ ಹೊರಗಿನವರು. ಆ ವರ್ಷದ ಕೊನೆಯಲ್ಲಿ ಕೇಂಬ್ರಿಡ್ಜ್‌ನವರು ‘ಹೋಮರ್’ ಅನ್ನೇ 2022ರ ವರ್ಷದ ಪದವೆಂದು ಆರಿಸಿದರು.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ‘ನಾವು ಕನ್ನಡ ಮಾಧ್ಯಮದಲ್ಲಿ ಓದಿದವರು, ಇಂಗ್ಲಿಷ್ ಪದದಾಟ ನಮಗೆಲ್ಲಿ ಬರಬೇಕು’ ಎಂದು ಹಿಂಜರಿಯುವವರನ್ನು ಬಹಳ ಕಂಡಿದ್ದೇನೆ. ಇಂಗ್ಲಿಷ್ ಮನೆಮಾತಾದವರೇ ಎಡವಿದ ಆಟವಿದು. ಇಲ್ಲಿ ದೊಡ್ಡ ಪದಭಂಡಾರಕ್ಕಿಂತ ಇಂಗ್ಲಿಷ್ ಕಾಗುಣಿತದ ಚಾಳಿ ಗೊತ್ತಿರಬೇಕು: ಯಾವ ಅಕ್ಷರ ಎಲ್ಲಿ ಕೂರುತ್ತದೆ, ಯಾವುದರ ಪಕ್ಕ ಕೂರುತ್ತದೆ ಎಂಬುದು. ಅದನ್ನು ಯಾರಾದರೂ ರೂಢಿಸಿಕೊಳ್ಳಬಹುದು.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ದಿನಕ್ಕೊಂದು ಗುಪ್ತ ಪದ, ಅದರಲ್ಲಿ ಐದು ಅಕ್ಷರ. ಊಹಿಸಲು ಆರು ಅವಕಾಶ. ನೀವು ಬರೆದ ಪದದ ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಆ ಚೌಕ ಹಸಿರಾಗುತ್ತದೆ. ಅಕ್ಷರ ಇದ್ದು ಜಾಗ ತಪ್ಪಿದ್ದರೆ ಹಳದಿ. ಅಕ್ಷರವೇ ಇಲ್ಲದಿದ್ದರೆ ಬೂದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಜೋಶ್ ವಾರ್ಡಲ್ ತನ್ನ ಸಂಗಾತಿ ಪಲಕ್ ಶಾ ಅವರಿಗಾಗಿ ಇದನ್ನು ಮಾಡಿದರು. ತಮ್ಮ ಮನೆತನದ ಹೆಸರನ್ನೇ ಕೊಂಚ ತಿರುಗಿಸಿ ಆಟಕ್ಕೆ ಇಟ್ಟರು. 2021ರ ಅಕ್ಟೋಬರ್‌ನಲ್ಲಿ ಅದನ್ನು ಎಲ್ಲರಿಗೂ ತೆರೆದಿಟ್ಟರು. ನವೆಂಬರ್ 1ರಂದು ಆಡಿದವರು 90 ಜನ. ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ಸಂಖ್ಯೆ ಮೂರು ಲಕ್ಷ ಮುಟ್ಟಿತ್ತು. 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆಟವನ್ನು ಕೊಂಡುಕೊಂಡಿತು. ದಿನದ ಒಗಟು ಇಂದಿಗೂ ಉಚಿತ; ಪತ್ರಿಕೆಯ ಜಾಲತಾಣದಲ್ಲೂ ಆ್ಯಪ್‌ನಲ್ಲೂ ಸಿಗುತ್ತದೆ.

ಆಟದ ನಿಜವಾದ ಗುಟ್ಟು ಪಲಕ್ ಶಾ ಅವರ ಕೈಯಲ್ಲಿತ್ತು ಎನ್ನಬೇಕು. ಇಂಗ್ಲಿಷಿನಲ್ಲಿ ಐದಕ್ಷರದ ಪದಗಳು ಸುಮಾರು 13 ಸಾವಿರ ಇವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಯಾರೂ ಬಳಸದ ಪದಗಳು. ಅವರು ಒಂದೊಂದೇ ಪದವನ್ನು ನೋಡುತ್ತ, ತನಗೆ ಗೊತ್ತು, ಗೊತ್ತಿಲ್ಲ ಎಂದು ಗುರುತು ಹಾಕುತ್ತ ಹೋದರು. ಕೊನೆಗೆ ಉತ್ತರದ ಪಟ್ಟಿಯಲ್ಲಿ ಉಳಿದದ್ದು 2,315. ಈಗ ಪತ್ರಿಕೆಯ ಸಂಪಾದಕರು ಆ ಪಟ್ಟಿಯನ್ನು ಆಗಾಗ ತಿದ್ದುತ್ತಾರೆ, ಆದರೆ ಸ್ವಭಾವ ಅದೇ. ಅಂದರೆ ನಿಮ್ಮ ಊಹೆಗೆ 13 ಸಾವಿರ ಪದಗಳೂ ಸಲ್ಲುತ್ತವೆ, ಉತ್ತರವಾಗಿ ಬರುವುದು ಮಾತ್ರ ದಿನಬಳಕೆಯ ಪದ. ನಿಘಂಟು ಕಂಠಪಾಠ ಮಾಡುವ ಅಗತ್ಯವಿಲ್ಲ. ಇಂಗ್ಲಿಷ್ ಪತ್ರಿಕೆಯೊಂದರ ಮುಖಪುಟವನ್ನು ತಡವರಿಸದೆ ಓದಬಲ್ಲವರಿಗೆ ಉತ್ತರದ ಪದಗಳಲ್ಲಿ ಹೆಚ್ಚಿನವು ಮುಖಪರಿಚಯದವೇ.

ಈಗ ಮೊದಲ ಸಾಲಿಗೆ ಬರೋಣ. ಯಾವ ಪದದಿಂದ ಶುರು ಮಾಡಬೇಕು?

ಹಳೆಯ ಕಾಲದ ಮುದ್ರಣಾಲಯಗಳ ಲೈನೋಟೈಪ್ ಯಂತ್ರದಲ್ಲಿ ಅಕ್ಷರಗಳನ್ನು ಬಳಕೆಯ ಕ್ರಮದಲ್ಲಿ ಜೋಡಿಸಿದ್ದರು: ಇ, ಟಿ, ಎ, ಒ, ಐ, ಎನ್ ಹೀಗೆ. ಸಾಮಾನ್ಯ ಬರವಣಿಗೆಯಲ್ಲಿ ‘ದಿ’, ‘ದಟ್’, ‘ಟು’ ಪದೇಪದೇ ಬರುವುದರಿಂದ ಟಿ ಎರಡನೇ ಸ್ಥಾನಕ್ಕೆ ಏರುತ್ತದೆ. ಪದಗಳ ಪಟ್ಟಿಯಲ್ಲಿ ಲೆಕ್ಕ ಬೇರೆ, ಅಲ್ಲಿ ಪ್ರತಿ ಪದಕ್ಕೂ ಒಂದೇ ಮತ. ವರ್ಡಲ್‌ನ ಮೂಲ 2,315 ಪದಗಳಲ್ಲಿ ಇ ಅಕ್ಷರ 1,233 ಸಲ ಬರುತ್ತದೆ. ಆಮೇಲೆ ಎ 979, ಆರ್ 899, ಒ 754, ಟಿ 729, ಎಲ್ 719, ಐ 671, ಎಸ್ 669, ಎನ್ 575, ಸಿ 477. ತೀರಾ ತಳದಲ್ಲಿ ಕ್ಯೂ 29, ಜೆ 27. ಮೊದಲ ಹತ್ತು ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದು ಹತ್ತಿರ ಇಟ್ಟುಕೊಳ್ಳಿ. ವಿಶೇಷ ನೋಡಿ: ಭಾರ ಎತ್ತುವ ‘ಕ್ರೇನ್’ ಮತ್ತು ದುಡಿಮೆಯ ಅರ್ಥದ ‘ಟಾಯ್ಲ್ಸ್’, ಈ ಎರಡು ಪದ ಬರೆದರೆ ಹತ್ತಕ್ಕೆ ಹತ್ತೂ ಅಕ್ಷರ ಬಂದುಬಿಡುತ್ತವೆ.

ಆದರೂ ನಾನು ಹೊಸಬರಿಗೆ ಹೇಳುವ ಮೊದಲ ಪದ ‘ಸ್ಲೇಟ್’. ನಾವೆಲ್ಲ ಬಳಪ ಹಿಡಿದು ಅಕ್ಷರ ತಿದ್ದಿದ್ದೇ ಅದರ ಮೇಲೆ ಎಂಬ ಪ್ರೀತಿ ಒಂದು ಕಡೆ ಇರಲಿ, ಲೆಕ್ಕವೂ ಅದರ ಪರವಾಗಿದೆ. ಅಕ್ಷರ ಎಷ್ಟು ಸಲ ಬರುತ್ತದೆ ಎನ್ನುವಷ್ಟೇ ಎಲ್ಲಿ ಬರುತ್ತದೆ ಎನ್ನುವುದೂ ಮುಖ್ಯ. ಮೂಲ ಪಟ್ಟಿಯಲ್ಲಿ 366 ಪದಗಳು ಎಸ್‌ನಿಂದ ಶುರುವಾಗುತ್ತವೆ. ಬೇರೆ ಯಾವ ಅಕ್ಷರಕ್ಕೂ ಅಷ್ಟು ಇಲ್ಲ. 424 ಪದಗಳು ಇ ಅಕ್ಷರದಲ್ಲಿ ಮುಗಿಯುತ್ತವೆ. ಸ್ಲೇಟ್‌ನಲ್ಲಿ ಎಸ್ ಮೊದಲಿಗೆ, ಇ ಕೊನೆಗೆ, ಎರಡೂ ತಮ್ಮ ತವರಿನಲ್ಲೇ ಕೂತಿವೆ. ಕಂಪ್ಯೂಟರಿನಿಂದ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿಸಿದವರು ಅತ್ಯುತ್ತಮ ಎಂದು ಕಂಡುಕೊಂಡ ಪದ ‘ಸ್ಯಾಲೆಟ್’, ಮಧ್ಯಯುಗದ ಒಂದು ಬಗೆಯ ಶಿರಸ್ತ್ರಾಣ. ಅದರಿಂದ ಶುರು ಮಾಡಿ ಒಂದೂ ತಪ್ಪು ಹೆಜ್ಜೆ ಇಡದಿದ್ದರೆ ಸರಾಸರಿ 3.42 ಊಹೆಗಳಲ್ಲಿ ಆಟ ಮುಗಿಯುತ್ತದೆ. ಸ್ಲೇಟ್‌ನ ಅಕ್ಷರಗಳೂ ಅವೇ ಐದು, ಕೂತ ಕ್ರಮ ಮಾತ್ರ ಬೇರೆ. ಯಂತ್ರದಷ್ಟು ನಿಖರವಾಗಿ ಆಡಲು ನಮ್ಮಿಂದಾಗದು. ಹಾಗಿರುವಾಗ ಉತ್ತರವಾಗಿ ಬಾರದ ಶಿರಸ್ತ್ರಾಣಕ್ಕಿಂತ ಸ್ಲೇಟೇ ವಾಸಿ.

‘ಅಡ್ಯೂ’, ‘ಆಡಿಯೋ’ ಪದಗಳಿಂದ ಶುರು ಮಾಡುವವರು ಬಹಳ. ಒಂದೇ ಏಟಿಗೆ ನಾಲ್ಕು ಸ್ವರ ಸಿಗುತ್ತವಲ್ಲ ಎಂಬ ಆಸೆ. ನನಗೆ ಇದು ನಷ್ಟದ ವ್ಯಾಪಾರವೆಂದೇ ಕಾಣುತ್ತದೆ. ಸ್ವರ ಎಲ್ಲ ಪದಗಳಲ್ಲೂ ಇದ್ದೇ ಇರುತ್ತದೆ. ಪದಕ್ಕೆ ಮುಖ ಕೊಡುವುದು ವ್ಯಂಜನ. ಹುಡುಗರು ಮೊಬೈಲಿನಲ್ಲಿ ಸ್ವರಗಳನ್ನೆಲ್ಲ ನುಂಗಿ ಇಂಗ್ಲಿಷ್ ಸಂದೇಶ ಕಳಿಸಿದರೂ ನಮಗೆ ಅರ್ಥವಾಗುತ್ತದೆ. ವ್ಯಂಜನಗಳನ್ನು ಬಿಟ್ಟು ಬರೀ ಸ್ವರ ಕಳಿಸಿದ್ದರೆ ಏನು ತಿಳಿಯುತ್ತಿತ್ತು?

ಎರಡನೇ ಪದವಾಗಿ ನಾನು ಬಳಸುವುದು ‘ಕ್ರೋನಿ’: ಸಿ, ಆರ್, ಒ, ಎನ್, ವೈ. ಅಧಿಕಾರಸ್ಥರ ಆಪ್ತ ಬಂಟ ಎಂಬ ಅರ್ಥದಲ್ಲಿ ಪತ್ರಿಕೆಗಳಲ್ಲಿ ಓದಿರುತ್ತೀರಿ. ವೈ ಅಕ್ಷರದಲ್ಲಿ ಮುಗಿಯುವ ಪದಗಳು ಮೂಲ ಪಟ್ಟಿಯಲ್ಲಿ 364. ಇ ಮತ್ತು ವೈ ಸೇರಿದರೆ ಪಟ್ಟಿಯ ಮೂರನೇ ಒಂದು ಭಾಗದಷ್ಟು ಪದಗಳ ಬಾಲ ನಿಮ್ಮ ಹಿಡಿತಕ್ಕೆ ಬಂದಂತೆ. ತೀರಾ ಹೊಸಬರಾದರೆ ಮೂರನೆಯದಾಗಿ ‘ಹ್ಯೂಮಿಡ್’ ಬರೆಯಿರಿ. ಹವಾಮಾನ ವರದಿಯಲ್ಲಿ ಬರುವ, ತೇವದಿಂದ ಕೂಡಿದ ಎಂಬ ಪದ. ಮೂರು ಪದ ಸೇರಿ ಹದಿನೈದು ಅಕ್ಷರ, ಒಂದೂ ಮರುಕಳಿಸುವುದಿಲ್ಲ, ಐದೂ ಸ್ವರ ಮುಗಿದಿರುತ್ತವೆ. ಇದು ಈಜು ಕಲಿಯುವವರು ಬೆನ್ನಿಗೆ ಕಟ್ಟಿಕೊಳ್ಳುವ ಒಣ ಸೋರೆಬುರುಡೆ ಇದ್ದಂತೆ. ಕೈಕಾಲು ಬಂದ ಮೇಲೆ ಬಿಚ್ಚಿಬಿಡಿ, ಏಕೆಂದರೆ ಎರಡನೇ ಸಾಲಿನ ಬಣ್ಣ ನೋಡಿ ಮೂರನೆಯದನ್ನು ಯೋಚಿಸುವುದರಲ್ಲೇ ಆಟದ ಸುಖವೆಲ್ಲ ಇರುವುದು.

ಒಂದು ಉದಾಹರಣೆ ಆಡಿಯೇ ತೋರಿಸುತ್ತೇನೆ. ಸ್ಲೇಟ್ ಬರೆದಿರಿ. ಟಿ ಹಳದಿ, ಉಳಿದ ನಾಲ್ಕೂ ಬೂದು. ಟಿ ಇದೆ, ಆದರೆ ನಾಲ್ಕನೇ ಮನೆಯಲ್ಲಿಲ್ಲ. ಕ್ರೋನಿ ಬರೆದಿರಿ. ನಡುಮನೆಯ ಒ ಹಸಿರಾಯಿತು. ಆರ್, ಎನ್ ಹಳದಿ. ಸಿ, ವೈ ಬೂದು. ಈಗ ಕಾಗದದ ಮೇಲೆ ಐದು ಗೆರೆ ಎಳೆದು ಮೂರನೆಯದರ ಮೇಲೆ ಒ ಬರೆಯಿರಿ. ಟಿ, ಆರ್, ಎನ್ ಮೂರಕ್ಕೂ ಜಾಗ ಬೇಕು. ಆರ್ ಎರಡನೆಯದರಲ್ಲಿಲ್ಲ, ಎನ್ ನಾಲ್ಕನೆಯದರಲ್ಲಿಲ್ಲ. ಇನ್ನೊಂದೇ ಅಕ್ಷರ ಗೊತ್ತಿಲ್ಲದ್ದು. ‘ಸ್ನಾರ್ಟ್’ ಮನಸ್ಸಿಗೆ ಬರುತ್ತದೆ, ಆದರೆ ಎಸ್ ಬೂದಾಗಿದೆ, ಬಿಡಿ. ಒ, ಆರ್, ಎನ್ ಸಾಲಾಗಿ ಕೂತರೆ ಮುಂದೆ ಟಿ, ಅದರ ಪಕ್ಕ? ಟಿ ಪಕ್ಕ ಎಚ್ ಕೂರುವುದು ಇಂಗ್ಲಿಷಿನ ನೆಚ್ಚಿನ ಜೋಡಿ. ‘ಥಾರ್ನ್’, ಅಂದರೆ ಮುಳ್ಳು. ಮೂರನೇ ಸಾಲಿಗೇ ಐದೂ ಹಸಿರು.

ಈ ಎಚ್ ಎಲ್ಲಿಂದ ಬಂತು ಎಂಬಲ್ಲಿಯೇ ಕನ್ನಡಿಗರ ಕಷ್ಟವೂ ಇದೆ. ನಾವು ಕೇಳಿದ್ದನ್ನು ಬರೆಯುವವರು. ‘ಥ’ ಎಂದರೆ ನಮಗೆ ಒಂದು ಅಕ್ಷರ, ಇಂಗ್ಲಿಷಿಗೆ ಎರಡು. ಮೂರು ಎಂಬರ್ಥದ ‘ತ್ರೀ’ ಕನ್ನಡದ ಪದಬಂಧದಲ್ಲಿ ಒಂದೇ ಚೌಕದಲ್ಲಿ ಮುಗಿದುಹೋಗುತ್ತದೆ. ಇಂಗ್ಲಿಷಿನಲ್ಲಿ ಬರೆಯಲು ಐದು ಚೌಕ ಬೇಕು, ಅದೇ ಒಂದು ಪೂರ್ಣ ವರ್ಡಲ್ ಪದ! ಕಿವಿಗೆ ಕೇಳಿದ ಪದವನ್ನು ಹುಡುಕುತ್ತ ಕೂತರೆ ಎರಡು ಮೂರು ಅಕ್ಷರದಲ್ಲೇ ನಿಂತುಬಿಡುತ್ತೇವೆ. ಹಾಗಾಗಿ ಇಂಗ್ಲಿಷಿನ ಜೋಡಿಗಳನ್ನು ಕಣ್ಣಿಗೆ ಅಭ್ಯಾಸ ಮಾಡಿಸಬೇಕು.

ನಾನು ಮಾಡಿಕೊಂಡ ಟಿಪ್ಪಣಿ ಹೀಗಿದೆ. ‘ನ’ ಧ್ವನಿಯಿಂದ ಶುರುವಾಗುವ ಪದ ಸಿಗದಿದ್ದರೆ ಮುಂದೆ ಮೂಕ ಕೆ ಇಟ್ಟು ನೋಡಿ: ನೈಫ್, ನಾಕ್, ನೀಲ್. ‘ರ’ ಧ್ವನಿಯ ಮುಂದೆ ಡಬ್ಲ್ಯು ಅಡಗಿರಬಹುದು: ರೈಟ್, ರಾಂಗ್, ರಿಸ್ಟ್. ‘ಫ’ ಧ್ವನಿಗೆ ಮೂರು ವೇಷ. ಫೀಲ್ಡ್‌ನಲ್ಲಿ ಎಫ್, ಫೋನ್ ಮತ್ತು ಗ್ರಾಫ್‌ಗಳಲ್ಲಿ ಪಿ-ಎಚ್, ಲಾಫ್, ರಫ್, ಕಾಫ್‌ಗಳಲ್ಲಿ ಜಿ-ಎಚ್. ‘ಕ’ ಧ್ವನಿ ಪದದ ಮೊದಲಲ್ಲಿ ಸಾಮಾನ್ಯವಾಗಿ ಸಿ. ಕೊನೆಯಲ್ಲಿ ಬ್ಲ್ಯಾಕ್, ಟ್ರಕ್, ಬ್ರಿಕ್‌ಗಳಂತೆ ಸಿ-ಕೆ ಜೋಡಿ. ಕೊನೆಯ ‘ಲ್’, ‘ಸ್’ ಧ್ವನಿಗಳು ಜೋಡಿ ಅಕ್ಷರವಾಗಿ ಬರುವುದು ಬಹಳ: ಸ್ಕಿಲ್, ಶೆಲ್, ಗ್ಲಾಸ್, ಡ್ರೆಸ್. ಇಷ್ಟು ಕಣ್ಣಿಗೆ ಹತ್ತಿದರೆ ಅರ್ಧ ಆಟ ಬಂದಂತೆ.

ಇನ್ನೊಂದು ತೊಡಕು ನಮ್ಮ ಶಾಲೆಗಳಿಂದ ಬಂದದ್ದು. ನಾವು ಕಲಿತದ್ದು ಬ್ರಿಟಿಷ್ ಕಾಗುಣಿತ, ಆಟ ಅಮೆರಿಕದ್ದು. ನಮ್ಮ ಮೇಷ್ಟರು ‘ಹ್ಯೂಮರ್’, ‘ಫೇವರ್’ಗಳಲ್ಲಿ ಯು ಬಿಟ್ಟರೆ ಕೆಂಪು ಶಾಯಿ ಹಾಕುತ್ತಿದ್ದರು. ವರ್ಡಲ್‌ನಲ್ಲಿ ಯು ಇಲ್ಲದ ಐದಕ್ಷರದ ರೂಪವೇ ಉತ್ತರ. 2022ರ ಜನವರಿಯಲ್ಲಿ ಫೇವರ್, ಫೆಬ್ರವರಿಯಲ್ಲಿ ಹ್ಯೂಮರ್ ಬಂದಾಗ ಬ್ರಿಟನ್ನಿನ ಆಟಗಾರರು ಸಿಟ್ಟಾಗಿದ್ದರು. ಕಲರ್, ಆನರ್, ಲೇಬರ್ ಎಲ್ಲಕ್ಕೂ ಇದೇ ನ್ಯಾಯ. ಕೊನೆಯ ಎರಡು ಮನೆಯಲ್ಲಿ ಒ, ಆರ್ ಕಂಡರೆ ಈ ಗುಂಪನ್ನು ನೆನೆಯಿರಿ.

ಬಹುವಚನದ ಬಗ್ಗೆ ಒಂದು ಖಚಿತ ನಿಯಮವಿದೆ, ಇದನ್ನು ತಿಳಿಯದೆ ಅವಕಾಶ ಕಳೆದುಕೊಳ್ಳುವವರು ಹಲವರು. ಎಸ್ ಅಥವಾ ಇ-ಎಸ್ ಸೇರಿಸಿ ಮಾಡಿದ ಬಹುವಚನ ಉತ್ತರವಾಗಿ ಬರುವುದಿಲ್ಲ ಎಂದು ಪತ್ರಿಕೆ 2022ರಲ್ಲಿ ಹೇಳಿತು. ಊಹೆಗೆ ಬಳಸಬಹುದು, ಉತ್ತರವೆಂದು ನೆಚ್ಚಬೇಡಿ. ಗೀಸ್, ಫಂಗೈ ತರಹದ ಬೇರೆ ಬಗೆಯ ಬಹುವಚನಗಳಿಗೆ ಈ ತಡೆ ಇಲ್ಲ.

ಒಂದೇ ಅಕ್ಷರ ಎರಡು ಸಲ ಬಂದಾಗಿನ ಬಣ್ಣಗಳೂ ಜನರನ್ನು ದಾರಿ ತಪ್ಪಿಸುತ್ತವೆ. ಗುಪ್ತ ಪದ ‘ಅಬೈಡ್’ ಎಂದುಕೊಳ್ಳಿ, ನೀವು ‘ಸ್ಪೀಡ್’ ಬರೆದಿರಿ. ಸ್ಪೀಡ್‌ನಲ್ಲಿ ಎರಡು ಇ, ಉತ್ತರದಲ್ಲಿ ಒಂದೇ. ಮೊದಲ ಇ ಹಳದಿಯಾಗುತ್ತದೆ, ಎರಡನೆಯದು ಬೂದು. ಆ ಬೂದನ್ನು ನೋಡಿ ‘ಇ ಇಲ್ಲ’ ಎಂದುಕೊಳ್ಳಬಾರದು; ‘ಇನ್ನೊಂದು ಇ ಇಲ್ಲ’ ಎಂದು ಓದಬೇಕು.

ಸೋಲುಗಳಲ್ಲಿ ಹೆಚ್ಚಿನವು ಆಗುವುದು ಇನ್ನೊಂದು ಕಡೆ, ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡೋಣ. ಎರಡೇ ಸಾಲಿನಲ್ಲಿ ಕೊನೆಯ ನಾಲ್ಕು ಮನೆ ಹಸಿರಾಗಿವೆ: ಐ, ಜಿ, ಎಚ್, ಟಿ. ಗೆದ್ದೆವು ಎಂದು ಮನಸ್ಸು ಕುಣಿಯುತ್ತದೆ. ಲೆಕ್ಕ ಹಾಕಿ ನೋಡಿ: ಲೈಟ್, ನೈಟ್, ರೈಟ್, ಫೈಟ್, ಸೈಟ್, ಮೈಟ್, ಟೈಟ್, ಏಯ್ಟ್. ಎಂಟು ಪದ, ಉಳಿದ ಅವಕಾಶ ನಾಲ್ಕು. ಒಂದೊಂದಾಗಿ ಹೊಡೆಯುತ್ತ ಹೋದರೆ ಗೆಲುವು ಅರ್ಧಕ್ಕರ್ಧ ಅದೃಷ್ಟ. ಹಸಿರು ಮನೆಗಳನ್ನು ಮರೆತು, ಮೂರನೇ ಸಾಲಿನಲ್ಲಿ ‘ಫರ್ನ್ಸ್’ ಎಂದು ಬರೆಯಿರಿ, ಜರಿಗಿಡಗಳು. ಇದು ಉತ್ತರವಲ್ಲ ಎಂದು ನಿಮಗೆ ಗೊತ್ತು. ಆದರೆ ಅದರಲ್ಲಿರುವ ಎಫ್, ಇ, ಆರ್, ಎನ್, ಎಸ್ ಐದೂ ಒಂದೇ ಸಲಕ್ಕೆ ಪರೀಕ್ಷೆಯಾಗುತ್ತವೆ. ಯಾವುದಕ್ಕೆ ಬಣ್ಣ ಬಂತೋ ಅದೇ ಮೊದಲ ಅಕ್ಷರ. ಐದೂ ಬೂದಾದರೆ ಉಳಿಯುವುದು ಲೈಟ್, ಮೈಟ್, ಟೈಟ್ ಮೂರೇ, ಅವಕಾಶವೂ ಮೂರು. ಸೋಲುವ ಮಾತೇ ಇಲ್ಲ. ಒಂದು ಸಾಲನ್ನು ಬೇಕೆಂದೇ ಬಲಿಕೊಡುವ ಈ ಧೈರ್ಯ ನನಗೆ ಬರಲು ತಿಂಗಳುಗಳೇ ಹಿಡಿದವು. ‘ಒ-ಯು-ಎನ್-ಡಿ’ಯಲ್ಲಿ ಮುಗಿಯುವ ರೌಂಡ್, ಸೌಂಡ್, ಪೌಂಡ್, ಬೌಂಡ್, ಹೌಂಡ್ ಬಳಗಕ್ಕೂ, ‘ಎ-ಟಿ-ಸಿ-ಎಚ್’ನ ಕ್ಯಾಚ್, ಮ್ಯಾಚ್, ವಾಚ್, ಪ್ಯಾಚ್, ಬ್ಯಾಚ್ ಬಳಗಕ್ಕೂ ಇದೇ ಮದ್ದು. ಆಟದ ‘ಹಾರ್ಡ್ ಮೋಡ್’ ಆರಿಸಿಕೊಂಡಿದ್ದರೆ ಮಾತ್ರ ಸಿಕ್ಕ ಸುಳಿವುಗಳನ್ನು ಬಿಡಲು ಬಿಡುವುದಿಲ್ಲ. ಹಾಗೆ ಆಡುವವರು ಇಂಥ ಬಳಗದ ವಾಸನೆ ಮೊದಲೇ ಹಿಡಿಯಬೇಕು.

ಪದಬಂಧ ಬಿಡಿಸುವವರಿಗೂ ಇದೇ ವಿದ್ಯೆ ಬೇಕಾಗುತ್ತದೆ, ಎರಡನೆಯದು ಎ, ಕೊನೆಯದು ಇ, ಒಟ್ಟು ಐದು ಎಂದು ಹುಡುಕುತ್ತಿರುವಾಗ. ಅಂತರಜಾಲದ ಕೆಲವು ನಿಘಂಟುಗಳಲ್ಲಿ ಗೊತ್ತಿಲ್ಲದ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಆ ನಮೂನೆಗೆ ಹೊಂದುವ ಪದಗಳೆಲ್ಲ ಸಾಲಾಗಿ ಬರುತ್ತವೆ. ಆಟ ಮುಗಿದ ಮೇಲೆ ಇದನ್ನು ನೋಡಿ, ನಡುವೆ ಬೇಡ. ಇನ್ನೇನು ಉಳಿದಿತ್ತು, ಯಾವ ಪದ ನನಗೆ ಹೊಳೆಯಲಿಲ್ಲ ಎಂದು ಹತ್ತು ನಿಮಿಷ ನೋಡಿದರೆ ನಾಳೆಗೆ ಅದೇ ಬಂಡವಾಳ.

ಸ್ಕ್ರ್ಯಾಬಲ್ ಆಡುವವರಿಗೆ ಅಕ್ಷರದ ಲೆಕ್ಕ ಹೊಸದಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್ ಪತ್ರಿಕೆಗಳ ಪುಟಗಳಲ್ಲಿ ಅಕ್ಷರಗಳನ್ನು ಎಣಿಸಿ ಆ ಆಟವನ್ನು ರೂಪಿಸಿದರು. ನೂರು ಬಿಲ್ಲೆಗಳಲ್ಲಿ ಇ ಹನ್ನೆರಡು. ಕ್ಯೂ, ಝಡ್ ಒಂದೊಂದೇ, ಹತ್ತು ಹತ್ತು ಅಂಕ. ಕ್ಯೂ ಬಂದು ಯು ಬಾರದಿದ್ದರೆ ಆಟಗಾರರು ತಲೆಮೇಲೆ ಕೈ ಹೊತ್ತು ಕೂರುತ್ತಾರೆ. ಇಲ್ಲಿ ನಮಗೆ ಅನುಕೂಲ ಹೆಚ್ಚು. ಯು ಇಲ್ಲದ ಕ್ಯೂ ಪದಗಳಲ್ಲಿ ಹಲವು ಅರಬ್ಬಿ ಮೂಲದವು, ನಮ್ಮ ಬೀದಿಗಳಲ್ಲಿ ಕೇಳಿದಂಥವು: ಫಕೀರ್, ನಿಕಾಬ್, ತಲಾಕ್. ನೆಲದಡಿಯ ಕಾಲುವೆಗೆ ಹೇಳುವ ‘ಕನಾತ್’ ಕೂಡ ಐದಕ್ಷರದ್ದೇ. ಬೀದರಿನಲ್ಲಿ ಬಹಮನಿಗಳ ಕಾಲದ ಕರೇಜ್ ನೋಡಿದವರು ಆ ಪದವನ್ನು ಮರೆಯಲಾರರು, ಅದು ಅದೇ ಬಗೆಯ ನೀರಿನ ವ್ಯವಸ್ಥೆ.

ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋಗಿ ಐದು ಚೌಕದಲ್ಲಿ ಕೂತ ಪದಗಳು ಇನ್ನೂ ಇವೆ. ಧೋತಿ, ಲಾಠಿ, ಕ್ರೋರ್, ರುಪೀ, ಕರ್ಮ, ಮ್ಯಾಂಗೋ. ನನಗೆ ಅತ್ಯಂತ ಇಷ್ಟದ್ದು ಒಂದು ಜೋಡಿ. ಮಲಯಾಳದ ‘ಅಡಕ್ಕ’ ಪೋರ್ಚುಗೀಸರ ಬಾಯಲ್ಲಿ ಹೊರಳಿ ಇಂಗ್ಲಿಷಿನ ‘ಅರೆಕ’ ಆಯಿತು. ನಮ್ಮ ಅಡಿಕೆಯ ಒಡಹುಟ್ಟು. ಅದೇ ದಾರಿಯಲ್ಲಿ ‘ವೆಟ್ಟಿಲ’ ಹೋಗಿ ‘ಬೀಟಲ್’ ಆಯಿತು, ವೀಳ್ಯದೆಲೆ. ಎಲೆಗೂ ಐದಕ್ಷರ, ಅಡಿಕೆಗೂ ಐದಕ್ಷರ.

ಕೊನೆಗೊಂದು ವಿನಂತಿ. ಹೊಸ ಒಗಟು ತೆರೆಯುವುದು ಆಯಾ ಊರಿನ ಮಧ್ಯರಾತ್ರಿಗೆ. ಬೆಂಗಳೂರು ನ್ಯೂಯಾರ್ಕಿಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದೆ ಇದೆ. ನಮ್ಮ ಮನೆಯ ವಾಟ್ಸ್‌ಆ್ಯಪ್ ಬಳಗದಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ನಾವು ಬಿಡಿಸಿದ ಪದ, ನ್ಯೂಜೆರ್ಸಿಯಲ್ಲಿರುವ ಅಣ್ಣನ ಮಗಳಿಗೆ ಇನ್ನೂ ತೆರೆದೇ ಇರುವುದಿಲ್ಲ. ಆದ್ದರಿಂದ ಪದ ಕಳಿಸಬೇಡಿ, ಬಣ್ಣದ ಚೌಕಗಳನ್ನಷ್ಟೇ ಕಳಿಸಿ. ಅವುಗಳಲ್ಲಿ ಒಂದಕ್ಷರವೂ ಇರುವುದಿಲ್ಲ, ಆದರೂ ನೀವು ಎಲ್ಲಿ ತಡವರಿಸಿದಿರಿ, ಎಲ್ಲಿ ಹಾದಿ ಸಿಕ್ಕಿತು ಎಂದು ಅತ್ತ ಕಡೆಯವರಿಗೆ ತಿಳಿಯುತ್ತದೆ. ಅವಳು ಅಲ್ಲಿ ಎದ್ದು ತನ್ನ ಆರು ಸಾಲು ಆಡುವ ಹೊತ್ತಿಗೆ ಇಲ್ಲಿ ನಮಗೆ ಸಂಜೆ. ದೀಪ ಹಚ್ಚಿ ಕೂತಿರುವಾಗ ಅವಳ ಹಸಿರು ಚೌಕಗಳು ಬರುತ್ತವೆ.